ಮರದ ರೇಟು ಏರಿದರೆ ಕಾಡು ಉಳಿಯುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವಾಗ ಬಾಗಿಲು, ಕಿಟಕಿಗೆ ಮರ ನೋಡಲು ಟಿಂಬರ್ ಯಾರ್ಡಿಗೆ ಹೋಗಿದ್ದೆ. "ತೇಗ ಯಾವುದು ಬೇಕು ಸಾರ್? ಲೋಕಲ್ಲಾ, ಘಾನಾನಾ, ಬರ್ಮಾನಾ? ಕಿಟಕಿಗೆ ಮಲೇಷ್ಯಾ ಸಾಲ್ ಹಾಕ್ಸಿ, ಬಜೆಟ್ಟಿಗೆ ಸರಿಹೋಗುತ್ತೆ" ಅಂದರು. ದಿಮ್ಮಿಗಳ ತುದಿಯಲ್ಲಿ ಪೇಂಟಿನಿಂದ ಬರೆದ ನಂಬರು, ಉದ್ದ, ಸುತ್ತಳತೆ. ಸಿಎಫ್‌ಟಿಗೆ (ಘನ ಅಡಿಗೆ) ಇಷ್ಟು ಅಂತ ಹೇಳಿದ ರೇಟಿನೊಳಗೆ ಕಡಿದವರ ಕೂಲಿ, ಹಡಗಿನ ಬಾಡಿಗೆ, ಸುಂಕ, ಯಾರ್ಡಿನವರ ಲಾಭ ಎಲ್ಲ ಇತ್ತು. ಮರ ಹೋದ ಮೇಲೆ ಆ ಜಾಗ ಏನಾಯಿತು ಎಂಬ ಲೆಕ್ಕ ಮಾತ್ರ ಇರಲಿಲ್ಲ. ಅದನ್ನೂ ಬಿಲ್ಲಿಗೆ ಸೇರಿಸಿದರೆ ಕಾಡು ಉಳಿಯುತ್ತದಾ ಅಂತ ಅವತ್ತಿನಿಂದ ಓದುತ್ತಾ ಬಂದೆ. ಸ್ನೇಹಿತರು ಕೇಳಿದ್ದು, ನಾನೇ ಕೇಳಿಕೊಂಡಿದ್ದು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ.

ಪರಿಸರಕ್ಕೆ ಬೆಲೆ ಕಟ್ಟುವುದು ಅಂದರೆ ಏನು?

ನಿಂತ ಕಾಡು ನೀರು ಹಿಡಿದಿಡುತ್ತದೆ, ಮಣ್ಣು ಕಾಯುತ್ತದೆ, ಇಂಗಾಲ ಕೂಡಿಡುತ್ತದೆ. ಇದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಹಾಗಾಗಿ ಕಡಿದ ಮರ ಇರಬೇಕಾದ್ದಕ್ಕಿಂತ ಅಗ್ಗವಾಗಿ ಕಾಣುತ್ತದೆ. ಈ ಬಿಟ್ಟುಹೋದ ಲೆಕ್ಕವನ್ನು ಹೇಗಾದರೂ ದುಡ್ಡಿನ ಲೆಕ್ಕಕ್ಕೆ ತರುವುದೇ ಬೆಲೆ ಕಟ್ಟುವುದು. ಮರದ ಮೇಲೆ ತೆರಿಗೆ ಹಾಕಬಹುದು. ಕಾಡು ತೆರವು ಮಾಡುವವರಿಂದ ಶುಲ್ಕ ವಸೂಲಿ ಮಾಡಬಹುದು. ಕಾಡು ಉಳಿಸಿಕೊಂಡವರಿಗೆ ದುಡ್ಡು ಕೊಡಬಹುದು. ಕಾಡು ಕಡಿದವರಿಗೆ ಬ್ಯಾಂಕ್ ಸಾಲ ಸಿಗದ ಹಾಗೆ ಮಾಡಬಹುದು. ಗಾಳಿಗೆ ಸೇರದಂತೆ ತಡೆದ ಒಂದು ಟನ್ ಕಾರ್ಬನ್ ಡೈ ಆಕ್ಸೈಡಿಗೆ ಒಂದರಂತೆ ಮಾರುವ ಕಾರ್ಬನ್ ಕ್ರೆಡಿಟ್ ಕೂಡ ಇದೇ ಜಾತಿಯದು.

ಬೆಲೆ ತೀರಾ ಕಮ್ಮಿ ಇಟ್ಟರೆ ಏನಾಗುತ್ತದೆ? ನಮ್ಮಲ್ಲೇ ಉದಾಹರಣೆ ಇದೆಯಾ?

ಇದೆ, ದಾಂಡೇಲಿಯಲ್ಲೇ. 1950ರ ದಶಕದ ಕೊನೆಗೆ ಅಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಸರ್ಕಾರ ಅದಕ್ಕೆ ಕಾಡಿನ ಬಿದಿರನ್ನು ಟನ್ನಿಗೆ ಒಂದೆರಡು ರೂಪಾಯಿಗೆ ಕೊಟ್ಟಿತು. ಅದೇ ಬಿದಿರಿನಿಂದ ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಟ್ಟು ಕೊಳ್ಳಬೇಕಿತ್ತು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ಎಂದೂ ಮುಗಿಯದು ಅಂದುಕೊಂಡಿದ್ದ ಬಿದಿರು ಸುತ್ತಮುತ್ತ ಖಾಲಿಯಾಗುತ್ತಾ ಬಂತು, ಕಾರ್ಖಾನೆ ದೂರದೂರದಿಂದ ತರಿಸಿಕೊಳ್ಳಬೇಕಾಯಿತು.

1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದರು. ಅವರು ಕಂಡ ಒಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬಿದಿರು ಚೆನ್ನಾಗಿ ಬೆಳೆಯಲಿ ಎಂದು ಮೆಳೆಯ ಬುಡದ ಮುಳ್ಳನ್ನು ಸವರಿ ಹಾಕುತ್ತಿದ್ದರು. ಆ ಮುಳ್ಳೇ ಎಳೆ ಕಳಲೆಗೆ ಬೇಲಿ. ಮುಳ್ಳು ಹೋದದ್ದೇ ದನ, ಮುಸಿಯ, ಮುಳ್ಳುಹಂದಿ ಎಲ್ಲ ಬಂದು ಕಳಲೆ ತಿಂದು ಮುಗಿಸಿದವು. ಊರಿನವರಿಗೆ ಇದು ಗೊತ್ತಿತ್ತು. ಟನ್ನಿಗೆ ಒಂದೆರಡು ರೂಪಾಯಿಯ ಮಾಲಿಗೆ ಅವರನ್ನು ಕೇಳುವ ತಾಪತ್ರಯ ಯಾರಿಗೆ ಬೇಕಿತ್ತು?

ಹಾಗಾದರೆ ಜಗತ್ತಿನ ಉಷ್ಣವಲಯದ ಕಾಡು ಹಾಳಾಗುತ್ತಿರುವುದು ಮರದ ವ್ಯಾಪಾರದಿಂದಲೇ ಅಲ್ವಾ?

ಅಷ್ಟು ನೇರ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಅರಣ್ಯನಾಶದ ನೂರಕ್ಕೆ ಸುಮಾರು 90 ಪಾಲು ಆಗುವುದು ಹೊಲ, ತೋಟ, ಹುಲ್ಲುಗಾವಲಿಗಾಗಿ. ಅಮೆಜಾನಿನಲ್ಲಿ ದನ ಮತ್ತು ಸೋಯಾ, ಇಂಡೊನೇಷ್ಯಾ ಮಲೇಷ್ಯಾಗಳಲ್ಲಿ ತಾಳೆ ಎಣ್ಣೆ, ಪಶ್ಚಿಮ ಆಫ್ರಿಕಾದಲ್ಲಿ ಕೋಕೋ. ಜಗತ್ತಿನಲ್ಲಿ ಕಡಿಯುವ ಮರದಲ್ಲಿ ಸುಮಾರು ಅರ್ಧ ಸೌದೆಯಾಗಿಯೇ ಉರಿದುಹೋಗುತ್ತದೆ. 1990ರ ದಶಕದಲ್ಲಿ ಅರ್ಥಶಾಸ್ತ್ರಜ್ಞರು ಹಾಕಿದ ಲೆಕ್ಕದಲ್ಲಿ, ಉಷ್ಣವಲಯದ ದೇಶಗಳಲ್ಲಿ ಕಡಿದ ನೂರು ಮರದಲ್ಲಿ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದದ್ದು ಹೆಚ್ಚುಕಮ್ಮಿ ಆರು.

ಹಾಗಂತ ಮರದ ವ್ಯಾಪಾರ ನಿರಪರಾಧಿ ಅಲ್ಲ. ಮಳೆಕಾಡಿನಲ್ಲಿ ಹೆಕ್ಟೇರಿಗೆ ಬೆಲೆಬಾಳುವ ಮರ ಕೆಲವೇ ಇರುತ್ತವೆ. ಅವನ್ನು ಎಳೆದು ತರಲು ರೋಡು ಬೇಕು. ಲಾರಿ ಹೋದ ರೋಡಿನಲ್ಲಿ ಆಮೇಲೆ ಬೆಂಕಿಪೊಟ್ಟಣ ಹಿಡಿದವರೂ ಹೋಗುತ್ತಾರೆ. ಮರದ ದುಡ್ಡು ರೋಡಿನ ಖರ್ಚು ತೀರಿಸುತ್ತದೆ, ಉಳಿದ ಕಾಡನ್ನು ದನದವರು ಮುಗಿಸುತ್ತಾರೆ.

ವಿದೇಶಿ ಮರದ ಮೇಲೆ ಭಾರೀ ತೆರಿಗೆ ಹಾಕಿಬಿಟ್ಟರೆ ಮುಗೀತಲ್ಲ?

1992ರಲ್ಲಿ ಆಸ್ಟ್ರಿಯಾ ಹಾಗೇ ಅಂದುಕೊಂಡಿತು. ಉಷ್ಣವಲಯದ ಮರಕ್ಕೆ ಲೇಬಲ್ ಕಡ್ಡಾಯ, ಜೊತೆಗೆ 70 ಶೇಕಡಾ ಸುಂಕ ಎಂದು ಹೊರಟಿತು. ಮಲೇಷ್ಯಾ, ಇಂಡೊನೇಷ್ಯಾ ಸಿಟ್ಟಾದವು. "ನಿಮ್ಮ ಪೈನ್ ಮರಕ್ಕೆ ಇಲ್ಲದ ಲೇಬಲ್ ನಮ್ಮ ಮರಕ್ಕೆ ಯಾಕೆ?" ಎಂಬುದು ಅವರ ವಾದ. ವಿಷಯ ಆಗಿನ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ಮೆಟ್ಟಿಲೇರಿತು, ಆಸ್ಟ್ರಿಯಾ ಹಿಂದೆ ಸರಿಯಿತು. ವಾದದಲ್ಲಿ ಹುರುಳಿತ್ತು ಅಂತಲೇ ನನಗೂ ಅನಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕಾಡಿನ ಒಡೆಯನ ಜಾಗದಲ್ಲಿ ನಿಂತು ನೋಡಿ. ಕಾಡು ಇಟ್ಟುಕೊಂಡರೆ ಮೂವತ್ತು ವರ್ಷಕ್ಕೊಮ್ಮೆ ಒಂದಿಷ್ಟು ಮರ ಮಾರಬಹುದು. ಕಡಿದು ತಾಳೆ ಹಾಕಿದರೆ ಮೂರ್ನಾಲ್ಕು ವರ್ಷದಲ್ಲಿ ಫಸಲು. ಈಗ ತೆರಿಗೆಯಿಂದಾಗಿ ಅವನ ಕೈಗೆ ಬರುವ ಮರದ ಬೆಲೆ ಬಿತ್ತು ಅನ್ನಿ. ಅವನು ಕಾಡನ್ನು ಕಾಯುತ್ತಾನಾ? ಇಲ್ಲ, ಇದರಿಂದ ಏನೂ ಗಿಟ್ಟುವುದಿಲ್ಲ ಅಂತ ತಾಳೆ ಸಸಿ ತರಲು ಹೋಗುತ್ತಾನೆ. ಕಡಿದ ಮರಕ್ಕೆ ಬೆಲೆ ಕಟ್ಟುವುದೇ ಬೇರೆ, ಕಾಡು ತೆರವು ಮಾಡುವುದಕ್ಕೆ ಬೆಲೆ ಕಟ್ಟುವುದೇ ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಮರ ಉಳಿದೀತು ಅಂತ ಹೋಗಿ ಕಾಡನ್ನೇ ಕಳೆದುಕೊಳ್ಳುತ್ತೇವೆ.

ದಿಮ್ಮಿ ರಫ್ತನ್ನೇ ನಿಲ್ಲಿಸಿದರೆ?

ಇಂಡೊನೇಷ್ಯಾದ ಕಥೆ ಕೇಳಿ. 1980ರ ದಶಕದ ಶುರುವಿನಲ್ಲಿ ದಿಮ್ಮಿ ರಫ್ತನ್ನು ಹಂತಹಂತವಾಗಿ ಕಡಿಮೆ ಮಾಡಿ 1985ರಲ್ಲಿ ಪೂರ್ತಿ ನಿಲ್ಲಿಸಿದರು. ಉದ್ದೇಶ ಕಾಡು ಉಳಿಸುವುದಕ್ಕಿಂತ ಜಾಸ್ತಿ, ಪ್ಲೈವುಡ್ ಕಾರ್ಖಾನೆ ಬೆಳೆಸುವುದು. ಅದು ಚೆನ್ನಾಗಿಯೇ ಕೈಗೂಡಿತು. ಕೆಲವೇ ವರ್ಷದಲ್ಲಿ ಅದು ಜಗತ್ತಿನ ಅತಿ ದೊಡ್ಡ ಪ್ಲೈವುಡ್ ರಫ್ತುದಾರ ದೇಶವಾಯಿತು. ಅಧ್ಯಕ್ಷ ಸುಹಾರ್ತೊ ಅವರ ಆಪ್ತ ಬಾಬ್ ಹಸನ್ ನಡೆಸುತ್ತಿದ್ದ ಆಪ್‌ಕಿಂಡೊ ಎಂಬ ಸಂಘ ಯಾರು ಎಷ್ಟು, ಯಾವ ರೇಟಿಗೆ ರಫ್ತು ಮಾಡಬೇಕು ಎಂದು ನಿರ್ಧರಿಸುತ್ತಿತ್ತು.

ಜಪಾನಿನ ಕಟ್ಟಡ ಕೆಲಸದಲ್ಲಿ ಈ ಪ್ಲೈವುಡ್ ಸೆಂಟ್ರಿಂಗ್ ಹಲಗೆಯಾಗುತ್ತಿತ್ತು. ಕಾಂಕ್ರೀಟ್ ಹಾಕಲು ಎರಡು ಮೂರು ಸಲ ಬಳಸಿ ಬಿಸಾಡುವುದು. ನೂರಾರು ವರ್ಷದ ಮರ, ನಾಲ್ಕು ವಾರದ ಕೆಲಸ.

ಇತ್ತ ಕಾಡಿನಲ್ಲಿ ಏನಾಯಿತು? ಹೊರಗಿನ ಗಿರಾಕಿ ಇಲ್ಲದ್ದರಿಂದ ದೇಶದೊಳಗೆ ದಿಮ್ಮಿಯ ಬೆಲೆ ಬಿತ್ತು. ಅಗ್ಗದ ದಿಮ್ಮಿಯನ್ನು ಕಾರ್ಖಾನೆಗಳು ಹಾಳುಗೆಡವಿದವು. ಒಂದು ಘನಮೀಟರ್ ಪ್ಲೈವುಡ್ ತೆಗೆಯಲು ಎರಡು ಘನಮೀಟರಿಗೂ ಜಾಸ್ತಿ ಮರ ಸುರಿಯುತ್ತಿದ್ದರು, ಉಳಿದದ್ದು ಸಿಬಿರು, ಹೊಟ್ಟು. ಕಾರ್ಖಾನೆಗಳ ಹಸಿವು ಕಾಡು ಕೊಡಬಹುದಾದ್ದನ್ನು ಮೀರಿತು, ಕಳ್ಳಮರಕ್ಕೆ ದಾರಿಯಾಯಿತು. 1998ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಒತ್ತಡಕ್ಕೆ ನಿಷೇಧ ಸಡಿಲಿಸಿದರು, 2001ರಲ್ಲಿ ಮತ್ತೆ ತಂದರು. ಈ ನಡುವೆ ತಾಳೆ ತೋಟಗಳು ಬಂದು ಕೂತವು.

ಇಂಡೊನೇಷ್ಯಾ ಮರ ನೆಡುವುದಕ್ಕೆ ಅಂತಲೇ ಶುಲ್ಕ ಹಾಕಿತ್ತಂತೆ. ಆ ದುಡ್ಡು ಎಲ್ಲಿ ಹೋಯಿತು?

ವಿಮಾನಕ್ಕೆ. ಸುಮ್ನೆ ಹೇಳುತ್ತಿಲ್ಲ.

1980ರಲ್ಲಿ ಕಡಿದ ಪ್ರತಿ ಘನಮೀಟರಿಗೆ 4 ಡಾಲರ್ ಠೇವಣಿ ಇಡಬೇಕು, ಮತ್ತೆ ಮರ ನೆಟ್ಟರೆ ವಾಪಸ್ ಎಂದು ನಿಯಮ ಮಾಡಿದರು. ನೆಡುವ ಖರ್ಚು ಅದಕ್ಕಿಂತ ಜಾಸ್ತಿ. ಹಾಗಾಗಿ ಠೇವಣಿ ಹೋದರೆ ಹೋಯಿತು ಎಂದು ಕಂಪನಿಗಳು ಬಿಟ್ಟುಬಿಟ್ಟವು. 1989ರಲ್ಲಿ ಅದನ್ನು ವಾಪಸ್ ಕೊಡದ ಶುಲ್ಕವಾಗಿ ಬದಲಿಸಿದರು. ಶುಲ್ಕವೂ ಏರುತ್ತಾ ಹೋಯಿತು, ನಿಧಿಯೂ ಬೆಳೆಯಿತು. 1994ರಲ್ಲಿ ಅದೇ ನಿಧಿಯಿಂದ 40,000 ಕೋಟಿ ರುಪಿಯಾವನ್ನು (ಅದು ಅಲ್ಲಿನ ನಾಣ್ಯ, ನಮ್ಮ ರೂಪಾಯಿ ಅಲ್ಲ) ಸರ್ಕಾರಿ ವಿಮಾನ ಕಾರ್ಖಾನೆಗೆ ಸಾಲವಾಗಿ ಕೊಟ್ಟರು. ಸುಹಾರ್ತೊ ಇಳಿದ ಮೇಲೆ 1999ರಲ್ಲಿ ನಡೆದ ಆಡಿಟ್, 1993ರಿಂದ 98ರವರೆಗೆ ದುರಾಡಳಿತ ಮತ್ತು ಮೋಸದಿಂದ 520 ಕೋಟಿ ಡಾಲರ್ ಕೈಬಿಟ್ಟಿದೆ ಎಂದಿತು. ಕಾಗದದ ಮೇಲೆ ಅದು ಸರಿಯಾದ ಪರಿಸರ ಶುಲ್ಕವೇ.

ನಗುವ ಮೊದಲು ನಮ್ಮ ಕಡೆಯೂ ನೋಡೋಣ. ಭಾರತದಲ್ಲಿ ಅರಣ್ಯ ಭೂಮಿಯನ್ನು ಗಣಿ, ರಸ್ತೆ, ಅಣೆಕಟ್ಟಿಗೆ ಕೊಡುವಾಗ ಎನ್‌ಪಿವಿ (ನೆಟ್ ಪ್ರೆಸೆಂಟ್ ವ್ಯಾಲ್ಯೂ, ಅಂದರೆ ಆ ಕಾಡು ಮುಂದೆ ಕೊಡಬಹುದಾಗಿದ್ದ ಉಪಯೋಗದ ಇಂದಿನ ಬೆಲೆ) ಕಟ್ಟಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ತಂದ ಪದ್ಧತಿ ಇದು. 2022ರ ಪರಿಷ್ಕರಣೆಯ ನಂತರ ಹೆಕ್ಟೇರಿಗೆ ಸುಮಾರು 9.57 ಲಕ್ಷದಿಂದ 15.95 ಲಕ್ಷ ರೂಪಾಯಿ. ಬದಲಿ ಅರಣ್ಯ ಬೆಳೆಸುವ ಖರ್ಚು ಬೇರೆ. ಹೆಕ್ಟೇರ್ ಅಂದರೆ ಎರಡೂವರೆ ಎಕರೆ. ಬೆಂಗಳೂರಿನಲ್ಲಿ ಈ ದುಡ್ಡಿಗೆ ಒಂದು ಥರ್ಟಿ ಫಾರ್ಟಿ ಸೈಟು ಕೊಡಿ ಅಂತ ಕೇಳಿ ನೋಡಿ. ಹೀಗೆ ಬಂದ ದುಡ್ಡು ವರ್ಷಗಟ್ಟಲೆ ಖಾತೆಯಲ್ಲಿ ಕೊಳೆಯಿತು. 2016ರಲ್ಲಿ ಬದಲಿ ಅರಣ್ಯ ನಿಧಿಯ ಕಾಂಪಾ ಕಾನೂನು ಬಂದು, 2019ರಲ್ಲಿ 47 ಸಾವಿರ ಕೋಟಿಗೂ ಮಿಕ್ಕಿ ರಾಜ್ಯಗಳ ಕೈ ಸೇರಿತು. ಶುಲ್ಕ ವಸೂಲಿ ಆಯಿತು, ಸರಿ. ನೂರಾರು ವರ್ಷದ ಶೋಲಾ ಕಾಡಿನ ಬದಲಿಗೆ ಬೇರೆಲ್ಲೋ ಬಯಲಲ್ಲಿ ನೆಟ್ಟ ಸಾಲುಮರ ಸಮ ಆಗುತ್ತದಾ ಎಂಬ ಪ್ರಶ್ನೆಗೆ ಎನ್‌ಪಿವಿಯಲ್ಲಿ ಉತ್ತರವಿಲ್ಲ.

ಒಂದು ದೇಶ ಬಿಗಿ ಮಾಡಿದರೆ ಕಡಿಯುವವರು ಪಕ್ಕದ ದೇಶಕ್ಕೆ ಹೋಗುವುದಿಲ್ವಾ?

ಹೋಗುತ್ತಾರೆ. ಮಳೆಗಾಲದಲ್ಲಿ ಒಂದು ಹಂಚು ಸರಿಮಾಡಿದರೆ ಪಕ್ಕದ ಹಂಚಿನಡಿ ಸೋರುತ್ತದಲ್ಲ, ಹಾಗೆ. 1988ರ ಪ್ರವಾಹದಲ್ಲಿ ಗುಡ್ಡ ಜರಿದು ನೂರಾರು ಜನ ಸತ್ತ ಮೇಲೆ ಥಾಯ್ಲೆಂಡ್ 1989ರಲ್ಲಿ ಮರ ಕಡಿತ ನಿಲ್ಲಿಸಿತು. ಅಲ್ಲಿನ ಕಂಪನಿಗಳು ಗಡಿ ದಾಟಿ ಬರ್ಮಾದ ತೇಗಕ್ಕೆ ಕೈಹಾಕಿದವು. 1998ರಲ್ಲಿ ಯಾಂಗ್ಟ್ಸೀ ಪ್ರವಾಹದ ನಂತರ ಚೀನಾ ತನ್ನ ಕಾಡಿಗೆ ಬೀಗ ಹಾಕಿತು, ಆಮೇಲೆ ಜಗತ್ತಿನ ಮೂಲೆಮೂಲೆಯ ದಿಮ್ಮಿ ಅಲ್ಲಿಗೆ ಹರಿಯಿತು.

ನಾವೂ ಅದೇ ಸಾಲಿನವರು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿದ ನಂತರ ನಮ್ಮ ಕಾಡಿನ ಮರ ಸಿಗುವುದು ಕಷ್ಟವಾಯಿತು. ಕಾಡಿಗೆ ಒಳ್ಳೆಯದೇ ಆಯಿತು. ಆದರೆ ಮನೆ ಕಟ್ಟುವವರು ನಿಲ್ಲಲಿಲ್ಲ. ಕಾಂಡ್ಲಾ, ಮಂಗಳೂರಿನಂಥ ಬಂದರುಗಳಲ್ಲಿ ಮಲೇಷ್ಯಾ, ಬರ್ಮಾದ ದಿಮ್ಮಿ ಇಳಿಯಿತು. 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿದಾಗ ವ್ಯಾಪಾರಿಗಳು ಆಫ್ರಿಕಾ, ಲ್ಯಾಟಿನ್ ಅಮೆರಿಕದ ಕಡೆ ತಿರುಗಿದರು. ನನ್ನ ಯಾರ್ಡಿನ ಘಾನಾ ತೇಗ ಬಂದದ್ದು ಹೀಗೆ.

ಒಂದು ಒಳ್ಳೆಯ ಕೆಲಸವೂ ಆಯಿತು. ಕಾಡಿನ ಮರ ದುಬಾರಿಯಾದ್ದರಿಂದ ಹೊಲದ ಮರಕ್ಕೆ ಬೆಲೆ ಬಂತು. ಹರಿಯಾಣದ ಯಮುನಾನಗರದ ಪ್ಲೈವುಡ್ ರೈತರು ಬೆಳೆಯುವ ಪೋಪ್ಲರ್ ಮರದ ಮೇಲೆ, ಕೇರಳದ ಪೆರುಂಬಾವೂರಿನದು ರಬ್ಬರ್ ಮರದ ಮೇಲೆ ನಡೆಯುತ್ತದೆ.

ದುಡ್ಡು ಕೊಟ್ಟು ಕಾಡು ಉಳಿಸಿದ ದೇಶ ಯಾವುದಾದರೂ ಇದೆಯಾ?

ಎಲ್ಲರೂ ಹೇಳುವ ಹೆಸರು ಕೋಸ್ಟಾರಿಕಾ. 1996ರ ಅರಣ್ಯ ಕಾನೂನಿನ ನಂತರ, ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹೆಕ್ಟೇರಿಗೆ ಇಷ್ಟು ಎಂದು ವರ್ಷಾವರ್ಷ ಹಣ ಕೊಡುತ್ತಾರೆ. ದುಡ್ಡು ಮುಖ್ಯವಾಗಿ ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದ. 1980ರ ದಶಕದಲ್ಲಿ ದೇಶದ ಕಾಲು ಭಾಗಕ್ಕೆ ಇಳಿದಿದ್ದ ಕಾಡು ಈಗ ಅರ್ಧಕ್ಕಿಂತ ಜಾಸ್ತಿ.

ಪೂರ್ತಿ ಶ್ರೇಯಸ್ಸು ಈ ಹಣಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಅದಕ್ಕೆ ಮೊದಲೇ ದನದ ಮಾಂಸದ ಬೆಲೆ ಬಿದ್ದಿತ್ತು, ಹುಲ್ಲುಗಾವಲಿಗೆ ಸಿಗುತ್ತಿದ್ದ ಅಗ್ಗದ ಸಾಲ ನಿಂತಿತ್ತು. ಅದೇ 1996ರ ಕಾನೂನು ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನೇ ನಿಷೇಧಿಸಿತು. ಹಣ ಆ ನಿಷೇಧವನ್ನು ಜನ ಒಪ್ಪುವಂತೆ ಮಾಡಿತು ಅನ್ನಬಹುದು. ಬೆತ್ತ, ಬೆಲ್ಲ ಎರಡೂ ಇದ್ದವು.

ಬ್ರೆಜಿಲ್?

ನನ್ನ ಪ್ರಕಾರ ಇದೇ ಒಳ್ಳೆಯ ಪಾಠ, ಮತ್ತು ಇದರಲ್ಲಿ ಮರದ ರೇಟು ಎಲ್ಲೂ ಬರುವುದಿಲ್ಲ. 2004ರಲ್ಲಿ ಬ್ರೆಜಿಲ್ ಅಮೆಜಾನಿನಲ್ಲಿ 27,772 ಚದರ ಕಿಲೋಮೀಟರ್ ಕಾಡು ಹೋಯಿತು. 2012ಕ್ಕೆ ಅದು 4,571ಕ್ಕೆ ಇಳಿಯಿತು. ಉಪಗ್ರಹದ ಕಣ್ಣು, ಸ್ಥಳಕ್ಕೆ ಹೋಗಿ ದಂಡ ಹಾಕುವ ಅಧಿಕಾರಿಗಳು, 2006ರಲ್ಲಿ ಹೊಸದಾಗಿ ಕಾಡು ಕಡಿದ ಜಾಗದ ಸೋಯಾ ಕೊಳ್ಳುವುದಿಲ್ಲ ಎಂದ ವ್ಯಾಪಾರಿಗಳು, 2008ರಲ್ಲಿ ಪರಿಸರ ದಾಖಲೆ ಸರಿಯಿಲ್ಲದವರಿಗೆ ಕೃಷಿ ಸಾಲ ಇಲ್ಲ ಎಂದ ಸರ್ಕಾರ, ಎಲ್ಲ ಸೇರಿ ಆದ ಕೆಲಸ. ಸಾಲ ಸಿಗುವುದಿಲ್ಲ ಅಂದಾಗ ಬೆಲೆ ತಗಲಿದ್ದು ತೆರವು ಮಾಡುವವನಿಗೇ, ಪೇಟೆಯಲ್ಲಿ ಹಲಗೆ ಕೊಳ್ಳುವವನಿಗಲ್ಲ. ಆಮೇಲೆ ಕಾವಲು ಸಡಿಲಾಯಿತು, 2021ರಲ್ಲಿ 13 ಸಾವಿರ ದಾಟಿತು. ಮತ್ತೆ ಬಿಗಿ ಮಾಡಿದರು, 2024ಕ್ಕೆ 6,288.

ಕಾರ್ಬನ್ ಕ್ರೆಡಿಟ್ ಲೆಕ್ಕ ಒಂದು ಸಲ ಬಿಡಿಸಿ ಹೇಳಿ.

ಒಂದು ಹೆಕ್ಟೇರ್ ದಟ್ಟ ಮಳೆಕಾಡಿನ ಮರಗಳಲ್ಲಿ 150 ಟನ್ ಇಂಗಾಲ ಇದೆ ಎಂದು ಇಟ್ಟುಕೊಳ್ಳಿ. ಸುಟ್ಟರೆ ಸುಮಾರು 550 ಟನ್ ಕಾರ್ಬನ್ ಡೈ ಆಕ್ಸೈಡ್. ಟನ್ನಿಗೆ 5 ಡಾಲರ್ ಸಿಕ್ಕರೆ 2,750 ಡಾಲರ್, 20 ಸಿಕ್ಕರೆ 11,000. ಅಮೆಜಾನಿನ ಹುಲ್ಲುಗಾವಲಿನಲ್ಲಿ ಹೆಕ್ಟೇರಿಗೆ ಹೆಚ್ಚುಕಮ್ಮಿ ಒಂದು ದನ ಮೇಯುತ್ತದೆ. ಒಂದು ದನಕ್ಕಾಗಿ ಇಷ್ಟು ಹೊಗೆ! ಕಾಗದದಲ್ಲಿ ಕಾಡೇ ಗೆಲ್ಲುತ್ತದೆ.

ಗಯಾನಾ 2022ರಲ್ಲಿ ಒಂದು ತೈಲ ಕಂಪನಿಯ ಜೊತೆ 3.75 ಕೋಟಿ ಕ್ರೆಡಿಟ್‌ಗಳಿಗೆ ಕನಿಷ್ಠ 75 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು, ಅಂದರೆ ಟನ್ನಿಗೆ 20. ಎಣ್ಣೆ ತೆಗೆಯುವವರೇ ಕಾಡಿಗೆ ದುಡ್ಡು ಕೊಡುವುದು ವಿಚಿತ್ರ ಅನ್ನಿಸಬಹುದು. ಹೌದು, ವಿಚಿತ್ರವೇ.

ತೊಡಕು ಇರುವುದು "ನಾವು ದುಡ್ಡು ಕೊಡದಿದ್ದರೆ ಈ ಕಾಡು ಹೋಗುತ್ತಿತ್ತು" ಎಂಬ ಊಹೆಯಲ್ಲಿ. ಹೋಗದೇ ಇರುತ್ತಿದ್ದ ಕಾಡನ್ನು ತೋರಿಸಿ ಕ್ರೆಡಿಟ್ ಮಾರಿದ ಯೋಜನೆಗಳು ಸಾಕಷ್ಟಿವೆ ಎಂದು 2023ರ ಅಧ್ಯಯನಗಳು ಹೇಳಿದವು. ಹಾಗಾಗಿ ಈಗ ಇಡೀ ದೇಶದ ಕಾಡನ್ನು ಅಳೆದು ಕೊಡುವ ಕಡೆಗೆ ಒಲವು. 2025ರ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಂನಲ್ಲಿ ಶುರುವಾದ ಉಷ್ಣವಲಯದ ಕಾಡುಗಳ ನಿಧಿ ನಿಂತ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಡಾಲರ್ ಕೊಡುವ ಯೋಚನೆಯಲ್ಲಿದೆ. ಬೆಂಗಳೂರಿನ ಹೋಟೆಲಿನಲ್ಲಿ ಒಂದೆರಡು ಜನರ ತಿಂಡಿಯ ದುಡ್ಡು.

ಇದಕ್ಕೂ ಕೊಡಗು, ಚಿಕ್ಕಮಗಳೂರಿನ ಕಾಫಿಗೂ ಏನು ಸಂಬಂಧ?

ಯುರೋಪ್ ಒಕ್ಕೂಟದ 2023ರ ಕಾನೂನಿನ ಪ್ರಕಾರ ಅಲ್ಲಿ ಮಾರುವ ಮರ, ಕಾಫಿ, ರಬ್ಬರ್, ಕೋಕೋ, ಸೋಯಾ, ತಾಳೆ ಎಣ್ಣೆ, ದನದ ಉತ್ಪನ್ನ ಇವು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಿಂದ ಬಂದಿರಬಾರದು. ಬೆಳೆದ ತೋಟ ಎಲ್ಲಿದೆ ಎಂದು ಮ್ಯಾಪಿನಲ್ಲಿ ತೋರಿಸಬೇಕು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ದೊಡ್ಡ ಗಿರಾಕಿ ಇಟಲಿ, ಜರ್ಮನಿ. ಕಾನೂನು ಎರಡು ಸಲ ಮುಂದೆ ಹೋಯಿತು. ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆಯಿಂದ ಎಂದಿದೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ, ಆದರೂ ತೋಟದ ಲೊಕೇಶನ್ ಕೊಡುವುದು ತಪ್ಪುವುದಿಲ್ಲ. ಎರಡು ಎಕರೆಯ ಬೆಳೆಗಾರರಿಗೆ ಇದೂ ಒಂದು ಬೆಲೆಯೇ. ಅವರು ಕಾಡು ಕಡಿದಿಲ್ಲ, ಕಡಿದಿಲ್ಲ ಎಂದು ತೋರಿಸುವ ಖರ್ಚು ಮಾತ್ರ ಅವರ ತಲೆಗೆ.

ನಮ್ಮ ತೋಟದ ಮರಗಳ ವಿಷಯದಲ್ಲಿ ಬೆಲೆ ಕೆಲಸ ಮಾಡಿದೆಯಾ?

ಮಾಡಿದೆ, ಉಲ್ಟಾ. ಕಾಫಿ ತೋಟದಲ್ಲಿ ನಿಂತು ಮೇಲೆ ನೋಡಿ. ಹಳೆಯ ತೋಟದಲ್ಲಿ ಹೊನ್ನೆ, ಮತ್ತಿ, ಬೀಟೆ, ಅತ್ತಿ. ಹೊಸದರಲ್ಲಿ ಸಾಲುಸಾಲು ಸಿಲ್ವರ್ ಓಕ್. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಕಡಿಯುವಾಗ ಅರಣ್ಯ ಇಲಾಖೆಗೆ ಅಲೆಯಬೇಕಿಲ್ಲ. ಬೀಟೆ ಕಡಿಯಲು ಪರ್ಮಿಟ್ಟು ಬೇಕು. ಕೊಡಗಿನಲ್ಲಾದರೆ ಜಮೀನು ರಿಡೀಮ್ಡಾ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದಾ), ಅನ್‌ರಿಡೀಮ್ಡಾ ಎಂಬ ಪ್ರಶ್ನೆ ಬೇರೆ. ಅನ್‌ರಿಡೀಮ್ಡ್ ಜಮೀನಿನ ಮರದ ಮೇಲೆ ಸರ್ಕಾರದ ಹಕ್ಕಿದೆ. ನೆರಳಿಗೆ ನಿಂತ ಮರ ತನ್ನದಲ್ಲ ಎಂದ ಮೇಲೆ ಅದರ ಸಸಿಯನ್ನು ಯಾರು ಸಾಕುತ್ತಾರೆ?

ಗಂಧದ್ದು ಇನ್ನೂ ಹಳೆಯ ಕಥೆ. ಟಿಪ್ಪು 1792ರಲ್ಲಿ ಅದನ್ನು ರಾಜಮರ ಎಂದು ಘೋಷಿಸಿದ. 2001ರ ತಿದ್ದುಪಡಿಯವರೆಗೂ ಸ್ವಂತ ಜಮೀನಿನಲ್ಲಿ ಹುಟ್ಟಿದ ಗಂಧವೂ ರೈತನದ್ದಾಗಿರಲಿಲ್ಲ. ಕಾಯುವ ತಲೆನೋವು ಅವನದು, ಕಳುವಾದರೆ ವಿಚಾರಣೆಯೂ ಅವನಿಗೆ. ಹಿತ್ತಲಲ್ಲಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತು ಬಿಸಾಡುವವರಿದ್ದರು. ಜಗತ್ತಿನಲ್ಲೇ ದುಬಾರಿ ಮರಗಳಲ್ಲಿ ಒಂದು, ರೈತನಿಗೆ ಮಾತ್ರ ಅದರ ಬೆಲೆ ಸೊನ್ನೆಗಿಂತ ಕೆಳಗೆ.

ಎಫ್‌ಎಸ್‌ಸಿ ಗುರುತು ಇದ್ದರೆ ಸಾಕಾ?

ಎಫ್‌ಎಸ್‌ಸಿ ಅಂದರೆ ಮರ ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನದು ಎಂದು ಹೇಳುವ ಗುರುತು. ಏನೂ ಇಲ್ಲದ್ದಕ್ಕಿಂತ ವಾಸಿ. 1993ರಲ್ಲಿ ಶುರುವಾದ ಈ ಪ್ರಮಾಣಪತ್ರ ಸಿಕ್ಕ ಕಾಡುಗಳಲ್ಲಿ ಹೆಚ್ಚಿನವು ಯುರೋಪ್, ಉತ್ತರ ಅಮೆರಿಕದಲ್ಲಿವೆ. ನಿಜವಾಗಿ ಬೇಕಾದ ಉಷ್ಣವಲಯದಲ್ಲಿ ಕಡಿಮೆ.

ಸರಿ, ಕೊನೆಗೆ ನೀವು ಯಾವ ಮರ ತಗೊಂಡ್ರಿ?

ಬರ್ಮಾ ತೇಗ ಬೇಡ ಅಂದೆ, ಅದು ಸ್ವಾಭಾವಿಕ ಕಾಡಿನದು. ಘಾನಾ ತೇಗ ಸಾಮಾನ್ಯವಾಗಿ ನೆಟ್ಟು ಬೆಳೆಸಿದ್ದು, ಎಳೆಯ ಮರ, ಬಿಳಿ ಭಾಗ ಜಾಸ್ತಿ. ಮುಂಬಾಗಿಲಿಗೆ ರೈತರೊಬ್ಬರ ಜಮೀನಿನಿಂದ ಬಂದ ಲೋಕಲ್ ತೇಗ ತಗೊಂಡೆ, ಪರ್ಮಿಟ್ಟಿನ ಜೆರಾಕ್ಸ್ ಕೇಳಿ ಇಸಿದುಕೊಂಡೆ. ಯಾರ್ಡಿನವರು ನನ್ನನ್ನು ಇಲಾಖೆಯವನು ಅಂದುಕೊಂಡು ಟೀ ತರಿಸಿದರು. ಕಿಟಕಿಗೆ ಮಲೇಷ್ಯಾ ಸಾಲ್ ಎಲ್ಲಿಯದು ಅಂತ ಕೇಳಿದ್ದಕ್ಕೆ "ಮಲೇಷ್ಯಾದ್ದೇ ಸಾರ್" ಅಂದರು. ಅದಕ್ಕಿಂತ ಜಾಸ್ತಿ ಅವರಿಗೂ ಗೊತ್ತಿರಲಿಲ್ಲ. ಕಿಟಕಿಗೆ ಅಲ್ಯೂಮಿನಿಯಂ ಹಾಕಿಸಿದೆ, ಅದರ ಬಾಕ್ಸೈಟ್ ಯಾವ ಗುಡ್ಡದ್ದೋ ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ.